ಹಿಡಿ ಜೋಳದೊಳಗೆ ನನ್ನ ಅಕ್ಕಿ

ಈಗಲೂ ಮಧ್ಯಾಹ್ನ ಒಂದು ಗಳಿಗೆ ಕಣ್ಣು ಮುಚ್ಚಿದರೆ ಆ ಸಪ್ಪಳ ಕೇಳಿಸುತ್ತದೆ. ಹಿತ್ತಾಳೆ ಕೊಳಗಕ್ಕೆ ಜೋಳ ಸುರಿಯುವ ಸಪ್ಪಳ. ಮೊದಲು ಖಣಖಣ, ತಳ ಮುಚ್ಚಿದ ಮೇಲೆ ಮೆತ್ತಗೆ. ಕೊಪ್ಪಳದ ನಮ್ಮ ಕ್ರೈಸ್ತ ಸಭೆಯಲ್ಲಿ ಐತವಾರದ ಕೊನೆಯ ಹಾಡು ಸುರುವಾಯಿತೆಂದರೆ ಹೆಂಗಸರೆಲ್ಲ ಸಾಲಾಗಿ ಎದ್ದು ಹೋಗಿ, ಸೆರಗಿನೊಳಗೆ ತಂದ ಸಣ್ಣ ಚೀಲವನ್ನು ಆ ಕೊಳಗಕ್ಕೆ ಬರಿದು ಮಾಡಿ ಬರುತ್ತಿದ್ದೆವು. ಅದಕ್ಕೆ ಹಿಡಿ ಜೋಳ ಅಂತ ಹೆಸರು. ದಿನಾ ಬೀಸಲು ಕೂತಾಗ ಮೊದಲ ಹಿಡಿ ದೇವರದು ಅಂತ ಬೇರೆ ಇಡುವುದು, ಐತವಾರ ತಂದು ಸುರಿಯುವುದು. ಕಟ್ಟುನಿಟ್ಟು ಒಂದೇ: ಎಲ್ಲರದೂ ಒಂದೇ ಕೊಳಗಕ್ಕೆ ಬೀಳಬೇಕು, ಯಾವುದು ಯಾರದು ಅಂತ ಗೊತ್ತಾಗಬಾರದು.

ಆ ಜೋಳವೆಲ್ಲ ದೇವಾಲಯದ ಕಸ ಹೊಡೆದು ಗಂಟೆ ಬಾರಿಸುವ ಒಬ್ಬ ಮುದುಕಿಗೆ. ಗಂಡನಿಲ್ಲ, ಮಕ್ಕಳಿಲ್ಲ. ನನ್ನ ಹಡೆದವ್ವ ಸತ್ತ ಮೇಲೆ ನನಗೆ ಜಡೆ ಹಾಕಿದ್ದು, ಹಾಡು ಕಲಿಸಿದ್ದು, ರಾಗ ತಪ್ಪಿದರೆ ಬೆನ್ನಿಗೊಂದು ಗುದ್ದಿದ್ದು, ಎಲ್ಲ ಆಕೆಯೇ. ಆಕೆಯನ್ನು ಅವ್ವ ಅಂತಲೇ ಕರೆಯುತ್ತಿದ್ದೆ.

ಎರಡನೆಯ ಮಹಾಯುದ್ಧ ಸುರುವಾಗುವುದಕ್ಕೆ ನಾಲ್ಕಾರು ವರ್ಷ ಮುಂಚೆ ನನ್ನ ಮದುವೆಯಾಯಿತು. ಯಜಮಾನರು ಗಂಗಾವತಿಯ ಸರಕಾರಿ ದವಾಖಾನೆಯಲ್ಲಿ ಕಾಂಪೌಂಡರ್. ಆ ಊರಿನಲ್ಲಿ ನಮ್ಮ ಜನರದು ನಮ್ಮದೊಂದೇ ಮನೆ. ಹಿತ್ತಲ ಬಾಗಿಲು ತೆರೆದರೆ ಆಚೆಯೇ ಗದ್ದೆ. ಹಳೇ ಕಾಲುವೆಯ ನೀರು ಮುಗಿಲನ್ನು ಹೊತ್ತುಕೊಂಡು ಸುಮ್ಮನೆ ನಿಂತಿರುತ್ತಿತ್ತು. ಐತವಾರ ಮುಂಜಾನೆ ನಾನು ಪಡುವಣ ಮುಖ ಮಾಡಿ ಹಿತ್ತಲ ಕಟ್ಟೆಯ ಮೇಲೆ ಕೂಡುತ್ತಿದ್ದೆ. ಈಗ ಅವ್ವ ಹಗ್ಗ ಜಗ್ಗುತ್ತಾಳೆ. ಈಗ ಪಾದ್ರಿ ಅಯ್ಯನವರು ಕನ್ನಡಕ ಒರೆಸುತ್ತಾರೆ. ಈಗ ಕೊನೆಯ ಹಾಡು. ಸಣ್ಣ ದನಿಯಲ್ಲಿ ನಾನೂ ಹಾಡುತ್ತಿದ್ದೆ. ಒಮ್ಮೊಮ್ಮೆ ನೀರಿನ ಮೇಲಿಂದ ಗಂಟೆ ಕೇಳಿಯೇಬಿಟ್ಟಿತು ಅನಿಸಿ ಮೈ ಜುಮ್ಮೆನ್ನುತ್ತಿತ್ತು. ಬಂಡಿಯಲ್ಲಿ ಒಂದೂವರೆ ದಿನದ ಹಾದಿ, ಗಂಟೆ ಎಲ್ಲಿ ಕೇಳೀತು!

ಹಿಡಿ ತೆಗೆಯುವುದನ್ನು ಮಾತ್ರ ಬಿಡಲಿಲ್ಲ. ಆದರೆ ಗಂಗಾವತಿಯಲ್ಲಿ ದಿನಾ ಅನ್ನ, ಹಾಗಾಗಿ ನನ್ನ ಹಿಡಿಯೂ ಅಕ್ಕಿಯದಾಯಿತು. ಕೊಪ್ಪಳದ ಸಂತೆಗೆ ಅಕ್ಕಿ ಹೇರಿಕೊಂಡು ಹೋಗುವ ಒಬ್ಬ ಬಂಡಿ ಚಾಚಾ ಇದ್ದರು. ತಿಂಗಳಿಗೊಮ್ಮೆ ನನ್ನ ಚೀಲ ಒಯ್ದು ಸಭೆಗೆ ಮುಟ್ಟಿಸುತ್ತಿದ್ದರು. ತಿರುಗಿ ಬಂದಾಗ "ಏನಂದ್ರು ಚಾಚಾ?" ಅಂತ ಓಡಿ ಹೋಗಿ ಕೇಳಿದರೆ ಯಾವಾಗಲೂ ಒಂದೇ ಮಾತು: "ಎಲ್ಲಾ ಖೈರಿಯತ್ ಐತ್ರೆವ್ವ." ಎಲ್ಲರೂ ಕ್ಷೇಮ ಅನ್ನುವ ಅಷ್ಟಕ್ಕೇ ನನಗೆ ತಿಂಗಳು ಕಳೆಯುತ್ತಿತ್ತು.

ನಾಲ್ಕನೆಯ ವರ್ಷ ಒಂದು ದಿನ ಚಾಚಾ ಮೋರೆ ಸಣ್ಣದು ಮಾಡಿಕೊಂಡು ಬಂದರು. "ಇನ್ನ ಅಕ್ಕಿ ಕಳಸೂದು ಬ್ಯಾಡ ಅಂದ್ರವ್ವಾ."

"ಯಾರು?"

"ಸಭಾದ ಹೆಣ್ಣಮಕ್ಕಳು."

ನಾನು ಅವರಿಗೆ ಬೇಡವಾದೆನೇ? ಹೆಸರು ಹೊಡೆದುಹಾಕಿದರೇ? ಮೊದಲು ಅಳು ಬಂತು, ಆಮೇಲೆ ಸಿಟ್ಟು ನೆತ್ತಿಗೇರಿತು. ನನ್ನ ಸಿಟ್ಟು ಮೊದಲಿನಿಂದಲೂ ಮೂಗಿನ ತುದಿಯಲ್ಲೇ. ಇನ್ನು ಆ ಕಡೆ ತಲೆ ಹಾಕಿ ಮಲಗುವುದಿಲ್ಲ ಅಂದೆ. ಯಜಮಾನರು ಉಣ್ಣುತ್ತ ಕೂತಿದ್ದರು. "ಹೋಗಿ ಕೇಳಿ ಬಾ," ಅಂದರು.

"ನಾ ಯಾಕ ಹೋಗ್ಲಿ? ಬ್ಯಾಡ ಅಂದವರು ಅವರು."

"ಹಂಗಾದ್ರ ಹಿಡಿ ತೆಗಿಯೂದ ಬಿಡು ಮತ್ತ."

ಅದು ಆಗಲಿಲ್ಲ ನೋಡಿ. ಬಾಯಿ ಬಯ್ಯುತ್ತಿದ್ದರೂ ಕೈ ತನ್ನ ಪಾಡಿಗೆ ಹಿಡಿ ತೆಗೆದು ಗಡಿಗೆಗೆ ಹಾಕುತ್ತಿತ್ತು. ಮೂರು ತಿಂಗಳಿಗೆ ಗಡಿಗೆ ತುಂಬಿತು. ಎಲ್ಲ ಚೀಲಕ್ಕೆ ಕಟ್ಟಿ ಚಾಚಾರ ಬಂಡಿ ಹತ್ತಿದೆ. ಹಾದಿಯುದ್ದಕ್ಕೂ ಬಂಡೆಗುಡ್ಡಗಳು ತೂಕಡಿಸುತ್ತ ಹಿಂದೆ ಸರಿದವು, ನಾನೂ ತೂಕಡಿಸುತ್ತಲೇ ಯಾರ್‍ಯಾರಿಗೆ ಏನೇನು ಅನ್ನಬೇಕು ಅಂತ ಜೋಡಿಸಿಕೊಂಡೆ. ಕೊಪ್ಪಳದ ಕೋಟೆಗುಡ್ಡ ಕಂಡೊಡನೆ ಅರ್ಧ ಮರೆತುಹೋಯಿತು.

ಐತವಾರ ಹಿಂದಿನ ಚಾಪೆಯಲ್ಲಿ ಕೂತೆ. ಹೆಂಗಸರು ನಕ್ಕರು, ಸಲಾಂ ಅಂದರು, ಆದರೆ ಯಾರೂ ಕಣ್ಣಿಗೆ ಕಣ್ಣು ಕೊಡಲಿಲ್ಲ. ಕೊನೆಯ ಹಾಡಿಗೆ ಎಲ್ಲರಿಗಿಂತ ಗಟ್ಟಿಯಾಗಿ ಹಾಡುತ್ತ ಎದ್ದು ಹೋಗಿ, ನೋಡಲಿ ಅಂತಲೇ, ಚೀಲ ಬೋರಲು ಹಾಕಿದೆ.

ಆಗ ಕಣ್ಣಿಗೆ ಬಿತ್ತು. ಅಯ್ಯ ನನ್ನ ಬುದ್ಧಿಗಿಷ್ಟು! ಯಾರದು ಅಂತ ಗೊತ್ತಾಗಬಾರದ ಕೊಳಗದಲ್ಲಿ ನನ್ನದೊಂದೇ ಎದ್ದು ಕಾಣುತ್ತಿತ್ತು. ಜೋಳದ ಜೊತೆ ಅಕ್ಕಿ ಬೀಸಿದರೆ ರೊಟ್ಟಿ ಬಡಿಯುವಾಗ ಹರಿಯುತ್ತದೆ. ಬೇರೆ ಇಡೋಣವೆಂದರೆ ಸಭೆಯ ಕಟ್ಟು ಮುರಿಯಬೇಕು. ಇಷ್ಟು ವರ್ಷ ಇದನ್ನು ಕೂತು ಆರಿಸುತ್ತಿದ್ದವರು ಯಾರು?

"ನನ್ನ ಮಗಳ ದನಿ ಅದು!" ಬಾಗಿಲ ಬಳಿ ಗಂಟೆಯ ಹಗ್ಗ ಹಿಡಿದಿದ್ದ ಅವ್ವ ಹಾಡಿನ ನಡುವೆಯೇ ಕೂಗಿದಳು. ಒಳಗೆ ಬರುವಾಗ ನಾನು ಆಕೆಯ ಸೆರಗು ತಾಗುವಷ್ಟು ಹತ್ತಿರ ದಾಟಿದ್ದೆ. ಆಕೆ ನೋಡಿರಲಿಲ್ಲ. ಎರಡೂ ಕಣ್ಣಿಗೆ ಪೊರೆ ಬಂದಿತ್ತು.

ಕೈ ಹಿಡಿದು ಪಕ್ಕದ ತನ್ನ ಖೋಲಿಗೆ ಎಳೆದುಕೊಂಡು ಹೋದಳು. ನನ್ನ ಜೊತೆ ಹಾಡು ಕಲಿತ ಗೆಳತಿಯೊಬ್ಬಳು ಹಿಂದೆಯೇ ಬಂದು ಬಾಗಿಲಲ್ಲಿ ನಿಂತಳು. ಅವ್ವ ತಡವರಿಸುತ್ತ ಮೂಲೆಯಿಂದ ದೊಡ್ಡ ಗಡಿಗೆಯೊಂದನ್ನು ಮುಂದಕ್ಕೆ ಸರಿಸಿದಳು. "ನಿನ್ನ ಅಕ್ಕಿ. ಒಂದೊಂದ ಕಾಳು ಆರಿಸೇನಿ. ಆರಿಸೂ ಮುಂದ ನೀ ನನ್ನ ಕೂಡ ಮಾತಾಡಿದಂಗ ಆಕ್ಕಿತ್ತು. ಒಂದ ಕಾಳೂ ಉಂಡಿಲ್ಲ, ನೀ ಬಂದ ದಿನ ಕೂಡಿ ಉಣ್ಣೂಣು ಅಂತ. ಹೋದ ವಾರ ಬಂದದ್ದೂ ಇದರಾಗ ಐತಿ ನೋಡು."

ಹೋದ ವಾರ? ಮೂರು ತಿಂಗಳಿಂದ ನಾನು ಒಂದು ಕಾಳೂ ಕಳಿಸಿರಲಿಲ್ಲ.

ಮುಚ್ಚಿದ ಅರಿವೆ ಬಿಚ್ಚಿದೆ. ಜೋಳ. ಕೈ ಹಾಕಿದೆ, ಮೊಣಕೈ ಇಳಿಯುವ ತನಕ ಬರೀ ಜೋಳ. ಅದರ ಕೆಳಗೆ, ತಳದಲ್ಲಿ, ನನ್ನ ಅಕ್ಕಿ. ಬಾಗಿಲಲ್ಲಿದ್ದ ಗೆಳತಿ ತುಟಿಯ ಮೇಲೆ ಬೆರಳಿಟ್ಟು ತಲೆ ಅಲ್ಲಾಡಿಸಿದಳು.

ನೀರು ತರುವ ನೆಪದಲ್ಲಿ ಹೊರಗೆ ಕರೆದು ಹೇಳಿದಳು: "ಕಣ್ಣು ಪೂರಾ ಹೋಗ್ಯಾವ, ಬೀಸಿ ಬೀಸಿ ಬೆರಳೂ ಮರಗಟ್ಟ್ಯಾವ. ಆರಿಸೂದು ಬಿಡು ಅಂದ್ರ ಬಿಡವಲ್ಲಳು. ತಾ ಉಣ್ಣೂ ಜೋಳಾನ ನಿನ್ನ ಅಕ್ಕಿ ಅಂತ ತುಂಬಿಟ್ಟು ಅರೆಹೊಟ್ಟ್ಯಾಗ ಮಲಗತಾಳ. ಅಕ್ಕಿ ನಿಂತ್ರ ಆರಿಸೂದೂ ನಿಂತೀತು ಅಂತ ಮಾಡಿದ್ವಿ. ಆದ್ರ ನಿಲ್ಲಲಿಲ್ಲ. ಆಕಿಗಾಗಲಿ ನಿನಗಾಗಲಿ ಹೆಂಗ ಹೇಳೂದು, ಹೇಳು?"

ಬಾವಿಯ ಕಟ್ಟೆಗೆ ಆತುಕೊಂಡು ಅತ್ತುಬಿಟ್ಟೆ. ಬಂಡಿಯಲ್ಲಿ ಜೋಡಿಸಿಕೊಂಡು ಬಂದ ಬೈಗುಳವೆಲ್ಲ ನನಗೇ ಬಡಿಯಿತು. ಆಮೇಲೆ ಮುಖ ತೊಳೆದುಕೊಂಡು ಒಳಗೆ ಹೋಗಿ ಒಲೆ ಹೊತ್ತಿಸಿದೆ. ಗಡಿಗೆಯಲ್ಲಿ ಕೈಯಾಡಿಸಿ, ಮೇಲಿನದೂ ಕೆಳಗಿನದೂ ಕೂಡಿಸಿಯೇ ಎಸರಿಗೆ ಹಾಕಿದೆ. ಅಕ್ಕಿ ಬೆಂದು ಮುದ್ದೆಯಾಯಿತು, ಜೋಳ ಹಾಗೇ ಉಳಿಯಿತು.

ಅವ್ವ ಪ್ರಾರ್ಥನೆ ಮಾಡಿ ತುತ್ತು ಬಾಯಿಗಿಟ್ಟಳು. ಇದ್ದ ನಾಲ್ಕು ಹಲ್ಲಿನಲ್ಲಿ ಬಹಳ ಹೊತ್ತು ಅಗಿದಳು.

"ನಿಮ್ಮ ಗಂಗಾವತಿ ಅಕ್ಕಿ ಭಾಳ ಗಟ್ಟಿ ಬಿಡವ್ವ," ಅಂದಳು.

"ಹೌದವ್ವ. ಅಲ್ಲೀ ನೀರು ಹಂಗ."

"ರುಚಿ ಮಾತ್ರ ಥೇಟ್ ನಮ್ಮ ಜೋಳದಂಗ ಐತಿ. ಇನ್ನೊಂದೀಟು ಹಾಕು."

ಹಾಕಿದೆ.