ಪಕ್ಕದಿಂದ ಸರಿದು ನಿಲ್ಲುವ ವಿದ್ಯೆ

ಅಂಗವೈಕಲ್ಯವುಳ್ಳವರ ಉದ್ಯೋಗದ ಬಗ್ಗೆ ಭಾಷಣಗಳಿಗೆ ಬರವಿಲ್ಲ. ಆದರೆ ಕೆಲಸಕ್ಕೆ ಸೇರಿದವರು ಒಂದು ವರ್ಷದ ಮೇಲೆ ಅದೇ ಕೆಲಸದಲ್ಲಿ ಇದ್ದಾರೋ ಇಲ್ಲವೋ, ಇಲ್ಲದಿದ್ದರೆ ಯಾಕಿಲ್ಲ ಎಂದು ಮನೆಮನೆಗೆ, ಕಾರ್ಖಾನೆ ಕಾರ್ಖಾನೆಗೆ ಹೋಗಿ ಕೇಳಿದವರು ಬೆರಳೆಣಿಕೆಯಷ್ಟು. ಅವರ ಸಾಲಿನಲ್ಲಿ ಮೊದಲಿಗರಾಗಿ ನಿಲ್ಲುವವರು, ಈ ತಿಂಗಳ ಕೊನೆಗೆ ನಮ್ಮ ವಿಭಾಗದಿಂದ ನಿವೃತ್ತರಾಗುತ್ತಿರುವ ಪ್ರಾಧ್ಯಾಪಕಿ. ವಿದ್ಯಾರ್ಥಿಗಳಿಗೂ ಸಹೋದ್ಯೋಗಿಗಳಿಗೂ ಅವರು ಮೇಡಂ. ಇಲ್ಲಿಯೂ ಹಾಗೆಯೇ ಕರೆಯುತ್ತೇನೆ. ಅಭಿನಂದನ ಗ್ರಂಥದಲ್ಲಿ ಹೊಗಳಿಕೆ ಸಹಜವೇ. ಆದರೆ ನನ್ನ ಸಂಶೋಧನಾ ಪ್ರಬಂಧದ ಕರಡಿನಲ್ಲಿದ್ದ ವಿಶೇಷಣಗಳನ್ನೆಲ್ಲ ಹೊಡೆದುಹಾಕಿ, "ಇವನ್ನ ತೆಗೆದ ಮೇಲೂ ಏನು ಉಳಿಯುತ್ತೋ ಅದನ್ನ ತಗೊಂಡು ಬಾ" ಎಂದವರು ಅವರು. ಹಾಗಾಗಿ ನಡೆದದ್ದನ್ನಷ್ಟೇ ಬರೆಯುತ್ತೇನೆ.

ಅವರ ವೃತ್ತಿ ಆರಂಭವಾದದ್ದು ಬೌದ್ಧಿಕ ವೈಕಲ್ಯವುಳ್ಳ ವಯಸ್ಕರ ತರಬೇತಿ ಕೇಂದ್ರವೊಂದರಲ್ಲಿ, ಶಿಕ್ಷಕಿಯಾಗಿ. ಅಲ್ಲಿ ಹಗಲೆಲ್ಲ ಬಾಲ್‌ಪೆನ್ನು ಜೋಡಿಸುವ ಕೆಲಸ. ಪೆನ್ನು ಕೊಳ್ಳುತ್ತಿದ್ದ ಕಂಪನಿ ಮುಚ್ಚಿ ಬಹಳ ಕಾಲವಾಗಿತ್ತು. ಆದ್ದರಿಂದ ಸಂಜೆ ಎಲ್ಲರೂ ಮನೆಗೆ ಹೋದ ಮೇಲೆ ಶಿಕ್ಷಕರು ಕೂತು ಆ ಪೆನ್ನುಗಳನ್ನು ಬಿಚ್ಚಿಡುತ್ತಿದ್ದರು, ಮರುದಿನ ಮತ್ತೆ ಜೋಡಿಸಲು. ಇದರಲ್ಲಿ ಮೋಸವಿದೆ ಎಂದು ಯಾರಿಗೂ ಅನ್ನಿಸಿರಲಿಲ್ಲ. ಕೈಗೆ ಅಭ್ಯಾಸ ತಪ್ಪಬಾರದು ಎಂಬ ಸದುದ್ದೇಶವಷ್ಟೆ. ಒಂದು ಬೆಳಿಗ್ಗೆ, ಅಲ್ಲಿ ತರಬೇತಿ ಪಡೆಯುತ್ತಿದ್ದ, ನಲವತ್ತು ದಾಟಿದವರೊಬ್ಬರು ಒಂದು ಮುಚ್ಚಳ ಎತ್ತಿ ತೋರಿಸಿ ಕೇಳಿದರಂತೆ: "ಟೀಚರ್, ಈ ಕ್ಲಿಪ್ ನಿನ್ನೆ ನಾನೇ ಮುರಿದಿದ್ದು. ಮಾರಾಟ ಆಗಿಲ್ವಾ?" ಮೇಡಂ ಮುಚ್ಚಿಡದೆ ಇದ್ದದ್ದನ್ನು ಹೇಳಿದರು. ಆತ ಸ್ವಲ್ಪ ಯೋಚಿಸಿ, "ಹಾಗಾದ್ರೆ ಬಿಚ್ಚೋ ಕೆಲಸಾನೂ ನಮಗೇ ಕೊಡಿ. ನೀವು ಬೇಗ ಮನೆಗೆ ಹೋಗಬಹುದು" ಎಂದರು. ಆ ವರ್ಷವೇ ಮೇಡಂ ಕೇಂದ್ರ ಬಿಟ್ಟು ಸಂಶೋಧನೆಗೆ ಸೇರಿದರು.

ಅವರು ಕೈಗೆತ್ತಿಕೊಂಡ ವಿಷಯ ಬೆಂಬಲಿತ ಉದ್ಯೋಗ. ವರ್ಷಗಟ್ಟಲೆ ತರಬೇತಿ ಕೊಟ್ಟು ಆಮೇಲೆ ಕೆಲಸ ಹುಡುಕುವ ಬದಲು, ಮೊದಲೇ ಸಂಬಳದ ಕೆಲಸಕ್ಕೆ ಸೇರಿಸುವುದು. ಕೆಲಸದ ಜಾಗದಲ್ಲೇ ಒಬ್ಬ ಜಾಬ್ ಕೋಚ್ ಪಕ್ಕದಲ್ಲಿ ನಿಂತು ಕಲಿಸುವುದು. ಕಲಿತಂತೆಲ್ಲ ಕೋಚ್ ಮೆಲ್ಲಗೆ ಹಿಂದೆ ಸರಿಯುವುದು. ಹೇಳಲು ಇಷ್ಟೇ. ಮಾಡಲು ಹೊರಟರೆ ಮೈ ನುಗ್ಗಾಗುತ್ತದೆ. ಯಾರನ್ನಾದರೂ ಒಂದು ಕೆಲಸಕ್ಕೆ ಸೇರಿಸುವ ಮುನ್ನ ಸಂಶೋಧಕರು ತಾವೇ ಅಲ್ಲಿ ಒಂದು ವಾರ ದುಡಿಯಬೇಕೆಂಬುದು ಮೇಡಂ ಹಾಕಿದ ಕಟ್ಟಳೆ. ಕ್ಯಾಂಟೀನಿನಲ್ಲಿ ಪಾತ್ರೆ ತಿಕ್ಕಿದ್ದೇವೆ, ಗೋದಾಮಿನಲ್ಲಿ ಪೆಟ್ಟಿಗೆ ಹೊತ್ತಿದ್ದೇವೆ. ಪ್ರಬಂಧ ಮುಗಿಯದಿದ್ದರೂ ಹೊಟ್ಟೆಪಾಡಿಗೆ ತೊಂದರೆಯಿಲ್ಲ ಎಂಬುದು ನಮ್ಮ ನಡುವಿನ ಜೋಕು. ರಜೆಯಲ್ಲಿ ಹಾಸ್ಟೆಲ್ ಲೈಬ್ರರಿಗೆ ಬೀಗ ಬಿದ್ದಾಗ ಮೇಡಂ ತಮ್ಮ ಕೋಣೆಯ ಕೀಲಿಕೈಯನ್ನೇ ನಮಗೆ ಕೊಟ್ಟು ಹೋಗುತ್ತಿದ್ದರು. ಓದಿದ ಪುಸ್ತಕ ಅದರ ಜಾಗಕ್ಕೆ ಹೋಗದಿದ್ದರೆ ಬೈಗುಳ ಮಾತ್ರ ತಪ್ಪುತ್ತಿರಲಿಲ್ಲ.

ಅವರ ಕೆಲಸದ ರೀತಿ ನನಗೆ ಸ್ಪಷ್ಟವಾದದ್ದು ಒಂದು ಆಸ್ಪತ್ರೆಯ ಲಾಂಡ್ರಿಯಲ್ಲಿ. ಅಲ್ಲಿ ನಾನು ಜಾಬ್ ಕೋಚ್. ಕೆಲಸಕ್ಕೆ ಸೇರಿದ್ದವಳು ಮೂವತ್ತರ ಆಸುಪಾಸಿನ ಯುವತಿ. ಒಗೆದು ಇಸ್ತ್ರಿಯಾಗಿ ಬಂದ ಬೆಡ್‌ಶೀಟುಗಳನ್ನು ಮಡಿಸುವುದು ಅವಳ ಕೆಲಸ. ಅಂಚಿಗೆ ಅಂಚು ಕೂಡದಿದ್ದರೆ, ಅದನ್ನು ಯಾರೇ ಮಡಿಸಿರಲಿ, ಬಿಚ್ಚಿ ಅವರ ಮುಂದೆಯೇ ಹಾಕುತ್ತಿದ್ದಳು. ಮೊದಲ ವಾರದಲ್ಲೇ ಅವಳಿಗೆ ಇನ್ಸ್‌ಪೆಕ್ಟರ್ ಎಂಬ ಹೆಸರು ಬಿತ್ತು. ಮೂರು ತಿಂಗಳ ಪರೀಕ್ಷಾ ಅವಧಿ ದಾಟಿದರೆ ಕೆಲಸ ಕಾಯಂ, ಇಲ್ಲದಿದ್ದರೆ ಮನೆ. ಮನೆಯೆಂದರೆ ಏನೆಂದು ಅವಳ ಅಪ್ಪ, ಬಸ್ ಓಡಿಸಿ ನಿವೃತ್ತರಾದವರು, ಮೇಡಂಗೆ ಹೇಳಿದ್ದರು: "ಓದು ಬಿಟ್ಟ ಮೇಲೆ ಇವಳು ಕಿಟಕಿ ಹತ್ರ ಕೂತಳು, ಕೂತೇ ಬಿಟ್ಟಳು. ಅಲ್ಲಿಂದ ಎಬ್ಬಿಸೋಕೆ ಸಾಕುಸಾಕಾಯ್ತು. ಮತ್ತೆ ಹೋಗಿ ಕೂತ್ರೆ, ಇನ್ನೊಂದು ಸಲ ಎಬ್ಬಿಸೋ ತ್ರಾಣ ನನಗಿಲ್ಲ ಮೇಡಂ."

ಅವಧಿಯ ಕೊನೆಯ ವಾರ, ಯೋಜನೆಯ ಪ್ರಕಾರ, ನಾನು ಲಾಂಡ್ರಿಗೆ ಹೋಗುವುದನ್ನು ನಿಲ್ಲಿಸಿದೆ. ಮೊದಲ ದಿನವೇ ಫೋನ್ ಬಂತು. ಟೀ ಹೊತ್ತಿನವರೆಗೆ ಇನ್ಸ್‌ಪೆಕ್ಟರ್ ಚೆನ್ನಾಗಿ ಕೆಲಸ ಮಾಡಿದ್ದಳು. ಟೀ ಮುಗಿಸಿ ಎಲ್ಲರೂ ಮೇಜಿಗೆ ಮರಳಿದರೂ ಅವಳು ಖಾಲಿ ಲೋಟ ಹಿಡಿದು ಟೀ ಕೋಣೆಯಲ್ಲೇ ಕೂತಿದ್ದಳು, ಮಧ್ಯಾಹ್ನದ ಊಟದವರೆಗೆ. ಮರುದಿನವೂ ಅದೇ ಕಥೆ. ಲಾಂಡ್ರಿ ಮುಖ್ಯಸ್ಥರು ಕೆಟ್ಟವರಲ್ಲ, ಆದರೆ ಅವರ ಮೇಲೂ ವಾರ್ಡುಗಳ ಒತ್ತಡವಿತ್ತು. "ಕೆಲಸ ಬರುತ್ತೆ, ಇಲ್ಲ ಅನ್ನಲ್ಲ. ಎಬ್ಬಿಸೋಕೆ ಒಬ್ಬರನ್ನ ಇಡೋಕಾಗುತ್ತಾ? ನಿಮ್ಮ ಕೋಚ್ ಬಂದು ನಿಲ್ಲಲಿ, ಇಲ್ಲಾಂದ್ರೆ ಈ ಶನಿವಾರಕ್ಕೆ ಮುಗಿಸೋಣ" ಎಂದರು.

ವಿಭಾಗದಲ್ಲಿ ಸಭೆ ಸೇರಿತು. ನಾನು ಮತ್ತೆ ಹೋಗಿ ನಿಲ್ಲಬೇಕು ಎಂದರು ಕೆಲವರು. ಅಲಾರಂ ಇರುವ ಗಡಿಯಾರ ಕೊಡಿಸೋಣ ಎಂದರು ಇನ್ನು ಕೆಲವರು. ಮೇಡಂ ಎರಡನ್ನೂ ಒಪ್ಪದೆ, ಮಾರನೆಯ ದಿನ ಲಾಂಡ್ರಿಗೆ ಹೋಗಿ ಎಲ್ಲರ ಜೊತೆ ಟೀ ಕುಡಿಯುತ್ತ ಕೂತರು. ನಾನು ಬಾಗಿಲ ಬಳಿ ನಿಂತಿದ್ದೆ.

ಆ ಲಾಂಡ್ರಿಯಲ್ಲಿ ಟೀ ಮುಗಿಯಿತೆಂದು ಹೇಳುವ ಗಂಟೆಯಿಲ್ಲ. ಮಡಿಸುವವರೆಲ್ಲ ಒಂದೇ ಉದ್ದ ಬೆಂಚಿನಲ್ಲಿ ಕೂರುತ್ತಾರೆ. ಎಲ್ಲರಿಗಿಂತ ಹಿರಿಯಳಾದ ದೊಡ್ಡಕ್ಕ, "ಏಳ್ರೇ, ಬಟ್ಟೆ ತಾನಾಗೇ ಮಡಚಿಕೊಳ್ಳಲ್ಲ" ಎಂದು ಪಕ್ಕದವಳನ್ನು ತಿವಿಯುತ್ತಾಳೆ, ಅವಳು ಆಚೆಯವಳನ್ನು. ಹೀಗೆ ಬೆಂಚು ಖಾಲಿಯಾಗುತ್ತದೆ. ಇನ್ಸ್‌ಪೆಕ್ಟರ್ ಕೂರುತ್ತಿದ್ದದ್ದು ಎದುರು ಗೋಡೆಗೆ ಹಾಕಿದ ಎರಡು ಕುರ್ಚಿಗಳಲ್ಲಿ ಒಂದರಲ್ಲಿ. ಇನ್ನೊಂದು ನನ್ನದು. ವಿರಾಮದಲ್ಲೂ ಕೋಚ್ ಜೊತೆಗೇ ಕೂರಬೇಕೆಂಬ ನಿಯಮವಿತ್ತು. ಆ ನಿಯಮವನ್ನು ಕೈಪಿಡಿಯಲ್ಲಿ ಬರೆದವರು ಮೇಡಂ ಅವರೇ.

ಬೆಂಚು ಖಾಲಿಯಾಗುವಾಗ ಮೇಡಂ ದೊಡ್ಡಕ್ಕನನ್ನು ನಿಲ್ಲಿಸಿದರು. "ಇವಳನ್ನ ಯಾಕೆ ಕರೀಲಿಲ್ಲ?"

"ಅಯ್ಯೋ, ಅವಳು ನಿಮ್ಮವಳಲ್ವಾ ಮೇಡಂ? ನಾವು ಏನೋ ಅಂದು, ನೀವು ಇನ್ನೇನೋ ಅಂದ್ಕೊಂಡ್ರೆ? ಕಾಲೇಜಿನವರ ಸಹವಾಸ ನಮಗ್ಯಾಕೆ."

"ನಿಮ್ಮವಳೇ ಆಗಿದ್ರೆ?"

"ಸೊಂಟಕ್ಕೆ ತಿವಿದು ಎಬ್ಬಿಸ್ತಿದ್ದೆ."

"ತಿವೀರಿ" ಎಂದರು ಮೇಡಂ. ಆಮೇಲೆ ನನ್ನ ಕಡೆ ತಿರುಗಿ, "ತಪ್ಪು ಅವಳದ್ದಲ್ಲ, ನನ್ನ ಕೈಪಿಡಿಯದ್ದು. ನಾವೇ ಬೇಲಿಯಾಗಿಬಿಟ್ಟಿದ್ದೀವಿ" ಎಂದರು.

ಶನಿವಾರಕ್ಕೆ ಎರಡೇ ದಿನ ಉಳಿದಿತ್ತು. ಮರುದಿನ ಬೆಂಚಿಗೆ ಕರೆದಾಗ ಇನ್ಸ್‌ಪೆಕ್ಟರ್ ಬರಲೊಲ್ಲಳು. "ನನ್ನ ಕುರ್ಚಿ ಅದು" ಎಂದಳು. "ಕುರ್ಚಿ ಬೇಕಾದ್ರೆ ಆಫೀಸರ್ ಆಗು ಹೋಗು. ಮಡಿಸೋರೆಲ್ಲ ಬೆಂಚಿಗೆ" ಎಂದಳು ದೊಡ್ಡಕ್ಕ. ಇನ್ಸ್‌ಪೆಕ್ಟರ್ ಮುಖ ಊದಿಸಿಕೊಂಡೇ ಬಂದು ಕೂತಳು. ತಿವಿದಾಗ ಎದ್ದಳು. ಪಕ್ಕದವಳನ್ನು ತಿವಿಯಬೇಕೆಂದು ಯಾರೂ ಹೇಳಿಕೊಡಬೇಕಾಗಲಿಲ್ಲ. ಕೊಂಚ ಜೋರಾಗಿಯೇ ತಿವಿದಳು. ಶನಿವಾರ ಮುಖ್ಯಸ್ಥರು ಟೀ ಕೋಣೆಗೆ ಇಣುಕಿದಾಗ ಅವಳು ಎಲ್ಲರಿಗಿಂತ ಮೊದಲೇ ಎದ್ದು ನಿಂತು ಉಳಿದವರನ್ನು ಎಬ್ಬಿಸುತ್ತಿದ್ದಳು. "ಇನ್ಸ್‌ಪೆಕ್ಟರಮ್ಮ, ಟೀ ಗಂಟಲಿಗಾದ್ರೂ ಇಳೀಲಿ ತಾಯಿ" ಎಂದು ದೊಡ್ಡಕ್ಕ ಗೊಣಗುತ್ತಿದ್ದಳು. ಕೆಲಸ ಕಾಯಂ ಆಯಿತು. ಅವಳ ಅಪ್ಪ ಆಸ್ಪತ್ರೆಯ ಗೇಟಿನ ಹತ್ತಿರ ಮೇಡಂಗೆ ಕೈ ಮುಗಿದು ಬಸ್ ಹತ್ತಿದರು.

ಮುಂದಿನ ವರ್ಷ ಮೇಡಂ ಪ್ರಕಟಿಸಿದ ಲೇಖನದಲ್ಲಿ, ಸಹೋದ್ಯೋಗಿಗಳು ಮಾಡಬಹುದಾದ ಸಹಾಯವನ್ನು ಕೋಚ್ ಮೊದಲ ದಿನದಿಂದಲೇ ಅವರ ಕೈಗೆ ಬಿಡಬೇಕೆಂದು ಬರೆದರು. ತಮ್ಮ ಹಳೆಯ ನಿಯಮ ತಪ್ಪೆಂದು ಒಪ್ಪಿ, ಅದನ್ನು ಬಳಸುತ್ತಿದ್ದ ಕೇಂದ್ರಗಳಿಗೆ ಕೈಬಿಡಲು ಹೇಳಿದರು. ತಮ್ಮ ತಪ್ಪನ್ನು ಅಡಿಟಿಪ್ಪಣಿಯಲ್ಲಿ ಅಡಗಿಸದೆ ಶೀರ್ಷಿಕೆಯ ಕೆಳಗೇ ಬರೆಯುವ ವಿದ್ವಾಂಸರನ್ನು ನಾನು ಹೆಚ್ಚು ನೋಡಿಲ್ಲ.

ಕಳೆದ ತಿಂಗಳು, ಐದು ವರ್ಷದ ನಂತರದ ಸಮೀಕ್ಷೆಗೆಂದು ಮೇಡಂ ಜೊತೆ ಆ ಲಾಂಡ್ರಿಗೆ ಹೋಗಿದ್ದೆ. ನಮ್ಮ ಪ್ರಶ್ನೆಗಳಿಗೆಲ್ಲ ಇನ್ಸ್‌ಪೆಕ್ಟರ್ ನಿಂತಲ್ಲೇ, ಮಡಿಸುತ್ತಲೇ ಉತ್ತರಿಸಿದಳು. ಕೊನೆಗೆ ಅವಳೇ ಕೇಳಿದಳು: "ನನ್ನ ಆಮೇಲೆ ಬಂದೋಳು ಇಸ್ತ್ರಿ ಮೆಷಿನ್‌ಗೆ ಹೋದ್ಳು. ಅದಕ್ಕೆ ಸಂಬಳ ಜಾಸ್ತಿ. ನಾನು ಯಾವಾಗ ಹೋಗೋದು?"

ಮೇಡಂ ತಡವರಿಸಿದ್ದನ್ನು ನಾನು ಕಂಡದ್ದು ಅಂದೇ. "ಗೊತ್ತಿಲ್ಲಮ್ಮ. ಇಷ್ಟು ವರ್ಷ ಕೆಲಸದಲ್ಲಿ ಉಳಿದರಾ ಅಂತ ಕೇಳಿದೀನಿ. ಮೇಲೆ ಹೋದರಾ ಅಂತ ಕೇಳಲೇ ಇಲ್ಲ."

"ಹಾಗಾದ್ರೆ ಕೇಳ್ಕೊಂಡು ಬನ್ನಿ. ನನಗೆ ಇಲ್ಲಿ ಕೆಲಸ ಇದೆ" ಎಂದಳು ಅವಳು. ಮೇಡಂ ನೇರ ಮುಖ್ಯಸ್ಥರ ಕೋಣೆಗೆ ನಡೆದರು. ಅಂದಿನಿಂದ ಮೂರು ಸಲ ಹೋಗಿ ಬಂದಿದ್ದಾರೆ. ಮುಖ್ಯಸ್ಥರು ಇನ್ನೂ ಹೂಂ ಎಂದಿಲ್ಲ. ಉಹೂಂ ಎನ್ನಲು ಮೇಡಂ ಬಿಟ್ಟಿಲ್ಲ.

ನಿವೃತ್ತರಿಗೆ ವಿಶ್ರಾಂತಿಯ ಬದುಕನ್ನು ಹಾರೈಸುವುದು ರೂಢಿ. ನಾನು ಹಾರೈಸುವುದಿಲ್ಲ, ಹಾರೈಸಿದರೂ ಅವರು ತೆಗೆದುಕೊಳ್ಳುವವರಲ್ಲ. ಅವರಿಗೆ ದೀರ್ಘಾಯುಷ್ಯ ಬೇಕು, ಲಾಂಡ್ರಿಯ ಮೆಟ್ಟಿಲು ಹತ್ತಲು ಮಂಡಿಯಲ್ಲಿ ಬಲ ಬೇಕು, ಎದುರಿಗಿರುವವರು ಸುಸ್ತಾಗುವವರೆಗೆ ಕೇಳುವ ಆ ಗಂಟಲು ಹಾಗೆಯೇ ಇರಬೇಕು. ಇನ್ಸ್‌ಪೆಕ್ಟರ್ ಇಸ್ತ್ರಿ ಮೆಷಿನ್ ಮುಂದೆ ನಿಲ್ಲುವ ದಿನವನ್ನು ಅವರು ಕಣ್ಣಾರೆ ಕಾಣಲಿ, ಕಂಡು ಮುಂದಿನ ಪ್ರಶ್ನೆಗೆ ಹೋಗಲಿ.