ಹುಸೇನಬಿಯವರ ಹಾರಕ್ಕೆ ನಾನು ಕೊಟ್ಟ ಹೂವು

1978ರಲ್ಲಿ ನಾನು ಸವಣೂರಿನಲ್ಲಿ ತೋಟಗಾರಿಕೆ ಸಹಾಯಕನಾಗಿದ್ದೆ. ಹೂ ಬೆಳೆಯುವವರಿಗೂ ಮಾರುವವರಿಗೂ ಸಲಹೆ ಕೊಡುವುದು ನನ್ನ ಕೆಲಸ. ಬಜಾರದಲ್ಲಿ ಹಾರ ಕಟ್ಟುತ್ತಿದ್ದ ಹುಸೇನಬಿಯವರ ಪರಿಚಯವಾದದ್ದು ಹಾಗೆ. ನಲವತ್ತರ ಆಸುಪಾಸಿನ ವಿಧವೆ. ಮನೆಯಲ್ಲಿ ಮಗಳು ಫಾತಿಮಾ ಒಬ್ಬಳೇ. ಮದುವೆಯ ಹಾರ ಅವರೇ ಕಟ್ಟಬೇಕೆಂದು ಶಿಗ್ಗಾಂವಿಯಿಂದಲೂ ಜನ ಬರುತ್ತಿದ್ದರು.

ಆ ಬೇಸಿಗೆ ಹೂವಿನ ಅಭಾವ. "ಸೇವಂತಿಗಿ ಸಿಗವಲ್ದು ಸಾಹೇಬ್ರ. ಹಾರದ ನಡುವ ತುಂಬಾಕ ಏನರ ಹೇಳ್ರಿ" ಎಂದರು.

ಯಲವಿಗಿ ಸ್ಟೇಷನ್ನಿನ ಹಳಿಗಳ ಪಕ್ಕ ಸಣ್ಣ ಬಿಳಿ ಹೂವಿನ ಗಿಡವೊಂದನ್ನು ನೋಡಿದ್ದೆ. ಮರುದಿನ ಒಂದು ಹೊರೆ ಕಿತ್ತು ಸೈಕಲ್ಲಿಗೆ ಕಟ್ಟಿ ತಂದೆ. "ಇದನ್ನ ಹಾಕಿ ನೋಡ್ರಿ ಅಕ್ಕಾ, ಎರಡು ದಿನ ಇಟ್ರೂ ಬಾಡಂಗಿಲ್ಲ."

ಅದರ ಹೆಸರು ನನಗೆ ಗೊತ್ತಿರಲಿಲ್ಲ. ತಿಳಿದುಕೊಳ್ಳಬೇಕೆಂದೂ ಅನಿಸಲಿಲ್ಲ.

ಹಾರ ತುಂಬಿಕೊಂಡು ಕಂಡಿತು. ಹಾನಗಲ್ಲಿನ ತರಬೇತಿಯೊಂದರಲ್ಲಿ ನಾನೇ ಅದನ್ನು ಹೊಗಳಿದೆ. ಹೂವಾಡಿಗರು ಕಿತ್ತು ತರತೊಡಗಿದರು. ಬಳಸಿದ ಹಾರಗಳು ತಿಪ್ಪೆಗೆ, ಹಳ್ಳಕ್ಕೆ, ಕೆರೆಯ ಏರಿಗೆ ಹೋಗಿ ಬಿದ್ದವು. ಒಂದೊಂದು ಗಿಡದಲ್ಲೂ ಸಾವಿರಾರು ಬೀಜ.

ಮರುವರ್ಷ ಹಿರೇಕೆರೂರಿಗೆ ವರ್ಗವಾಯಿತು. ಅಲ್ಲಿಗೆ ಬಂದ ಸುತ್ತೋಲೆಯೊಂದರಲ್ಲಿ ಅದೇ ಗಿಡದ ಚಿತ್ರ: ಪಾರ್ಥೇನಿಯಂ, ಜನರ ಬಾಯಲ್ಲಿ ಕಾಂಗ್ರೆಸ್ ಕಸ. ಅಮೆರಿಕ ಖಂಡದಿಂದ ಹಡಗಿನ ಸರಕಿನೊಡನೆ ಬಂದದ್ದು. ಅದನ್ನು ಹತೋಟಿಯಲ್ಲಿಡುವ ಹುಳುಗಳು ತವರಿನಲ್ಲೇ ಉಳಿದಿವೆ. ದನ ಮೂಸುವುದಿಲ್ಲ, ತನ್ನ ಪಕ್ಕ ಮೇವಿನ ಹುಲ್ಲನ್ನೂ ಏಳಗೊಡುವುದಿಲ್ಲ. ಕೊನೆಯ ಸಾಲಿನಲ್ಲಿ, ಕೆಲವರಿಗೆ ತೀವ್ರ ಚರ್ಮರೋಗ ತರುತ್ತದೆ ಎಂದಿತ್ತು.

ಆ ಭಾನುವಾರವೇ ಸವಣೂರಿಗೆ ಹೋದೆ. ಹುಸೇನಬಿ ಬಾಗಿಲು ತೆರೆದರು. ರೆಪ್ಪೆಗಳು ಊದಿದ್ದವು, ಕುತ್ತಿಗೆಯ ಚರ್ಮ ಕಪ್ಪಾಗಿ, ದಪ್ಪಗಾಗಿ ಸೀಳಿತ್ತು.

"ಆ ಹೂವಿಂದನ ಹಿಂಗಾಗೇತಿ ಅಕ್ಕಾ. ತಂದಾಂವ ನಾನು."

ಅವರು ಸೆರಗಿನಿಂದ ಕುತ್ತಿಗೆ ಮುಚ್ಚಿಕೊಂಡರು. "ಹಾರ ಕಟ್ಟೋದು ಬಿಟ್ಟು ಆರು ತಿಂಗಳಾತು. ಆದ್ರೂ ಯಾಕ ಕಡಿಮಿ ಆಗವಲ್ದು?"

ಹಿತ್ತಲ ಬಾಗಿಲು ತೆಗೆದೆ. ಉಳಿದ ಹೂವು ಸುರಿಯುತ್ತಿದ್ದ ಜಾಗದಲ್ಲಿ ಸೊಂಟದೆತ್ತರ ಗಿಡ. ಗಟಾರದ ದಂಡೆಗುಂಟ, ರಸ್ತೆಯವರೆಗೂ ಬೆಳ್ಳಗಿತ್ತು.

ನಾಲ್ಕು ಭಾನುವಾರ ಕಿತ್ತೆ. ಪ್ರತಿ ಮಳೆಗೂ ಹೊಸ ಸಸಿ ಎದ್ದವು. "ಮುಲಾಮು ಹಚ್ಚಿದಷ್ಟು ದಿನ ಆರಾಮ. ಅದರ ಪುಡಿ ಗಾಳಿಯೊಳಗನ ಐತಿ. ಆ ಗಿಡ ಇಲ್ಲದ ಊರಿಗೆ ಕಳಸ್ರಿ" ಎಂದರು ಡಾಕ್ಟರು. ಕಾರವಾರದಲ್ಲಿ ಹುಸೇನಬಿಯವರ ತಮ್ಮನಿದ್ದ. ಮಗಳನ್ನು ಕರೆದುಕೊಂಡು ಅಲ್ಲಿಗೆ ಹೋದ ಮೂರು ತಿಂಗಳಲ್ಲಿ ಚರ್ಮ ತಿಳಿಯಾಯಿತು.

1981ರಲ್ಲಿ, ಸವಣೂರಿನ ಹುಡುಗನೊಡನೆ ಗೊತ್ತಾಗಿದ್ದ ಫಾತಿಮಾಳ ನಿಕಾಹ್‌ಗೆ ಬಂದರು. ಬಂದ ಎರಡನೆಯ ದಿನಕ್ಕೇ ಕಣ್ಣು ಊದಿ ಮುಚ್ಚಿಹೋದವು. ಒಳಕೋಣೆಯಲ್ಲಿ ಕುಳಿತು ನಿಕಾಹ್ ಕೇಳಿಸಿಕೊಂಡರು. ಬೀಳ್ಕೊಡುವಾಗ ಮಗಳ ಮುಖವನ್ನು ಬೆರಳುಗಳಿಂದ ಸವರಿ ನೋಡಿದರು.

ಮರುದಿನ ಯಲವಿಗಿಯಲ್ಲಿ ಅವರನ್ನು ಹುಬ್ಬಳ್ಳಿಯ ಗಾಡಿಗೆ ಹತ್ತಿಸಿದೆ. ಕಿಟಕಿಯಿಂದ ಕೇಳಿದರು: "ನೀವು ನೋಡಿದ್ರಲ್ಲ ಸಾಹೇಬ್ರ, ಫಾತಿಮಾ ಹೆಂಗ ಕಾಣತಿದ್ಲು?"

"ಚಲೋ ಕಾಣತಿದ್ಲು ಅಕ್ಕಾ." ಅವರು ಮತ್ತೆ ಸವಣೂರಿಗೆ ಬರಲಿಲ್ಲ.

ನಿವೃತ್ತನಾಗುವವರೆಗೂ, ಹೊಸ ಸಸಿ ಯಾರೇ ತಂದರೂ ಕೇಳುತ್ತಿದ್ದೆ: ಇದು ಎಲ್ಲಿಯದು, ಇಲ್ಲಿ ಇದನ್ನು ತಿನ್ನುವುದು ಯಾವುದು, ಬೇಡವೆನಿಸಿದ ದಿನ ಪೂರ್ತಿ ತೆಗೆಯಲಾದೀತೇ? ಸಹೋದ್ಯೋಗಿಗಳು ಪುಕ್ಕಲನೆಂದು ನಗುತ್ತಿದ್ದರು. ನೀನು ತರದಿದ್ದರೂ ಆ ಗಿಡ ಮರಳಿನ ಲಾರಿಯಲ್ಲೋ ಮೇವಿನ ಚಕ್ಕಡಿಯಲ್ಲೋ ಸವಣೂರಿಗೆ ಬಂದೇ ಬರುತ್ತಿತ್ತು ಎಂದು ಸಮಾಧಾನ ಹೇಳಿದವರೂ ಇದ್ದಾರೆ. ನಿಜವಿರಬಹುದು. ಆದರೆ ಆ ಹಿತ್ತಲಿಗೆ ಅದು ಲಾರಿಯಲ್ಲಿ ಬರಲಿಲ್ಲ.