ಮಾವನವರ ಜೊತೆ ಹುಬ್ಬಳ್ಳಿಗೆ

ನಮ್ಮ ಮಾವನವರಿಗೆ ಕತ್ತು ತಿರುಗುತ್ತಿರಲಿಲ್ಲ. ಹರೆಯದಲ್ಲಿ ತೆಂಗಿನ ಮರದಿಂದ ಬಿದ್ದಿದ್ದರಂತೆ. ಯಾರೇ ಕರೆದರೂ ಸೊಂಟದಿಂದ ಮೇಲೆ ಇಡೀ ಮೈಯನ್ನೇ ತಿರುಗಿಸಿ ನೋಡುತ್ತಿದ್ದರು. ಮಾತು ಕಡಿಮೆ. ಅವರೂರು ಕವಲಂದೆಯ ಸುತ್ತಮುತ್ತ ಅಣ್ಣತಮ್ಮಂದಿರ ಜಗಳ ಬಗೆಹರಿಸಲು ಅವರನ್ನೇ ಕರೆಯುತ್ತಿದ್ದರು. ಬಿಳಿ ಅಂಗಿ, ತಾವೇ ಇಸ್ತ್ರಿ ಹಾಕಿದ ಪಂಚೆ. ಕೂತರೆ ಮುದುರುತ್ತದೆಂದು ಬಸ್ಸಿನಲ್ಲಿ ನಿಂತೇ ಹೋಗುವ ಮನುಷ್ಯ. ಮದುವೆಯಾಗಿ ವರ್ಷಗಳಾದರೂ ನಾನು ಅವರೆದುರು ಕಾಲು ಚಾಚಿ ಕೂತವನಲ್ಲ.

ನನ್ನದು ತಿ. ನರಸೀಪುರದಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ. ಹೆಂಡತಿಗೆ ಹುಬ್ಬಳ್ಳಿಯ ಬ್ಯಾಂಕಿನಲ್ಲಿ ಕೆಲಸ. ಅತ್ತೆ ಅವಳ ಜೊತೆಗಿದ್ದರು. ಒಂದು ಬೆಳಿಗ್ಗೆ ಅತ್ತೆಯ ಫೋನ್ ಬಂತು: ತಿಂಗಳು ತುಂಬುವ ಮೊದಲೇ ನೋವು ಕಾಣಿಸಿಕೊಂಡಿದೆ, ಆಪರೇಷನ್ ಆಗಬಹುದು. ರೈಲಿಗೆ ಇಡೀ ರಾತ್ರಿ ಬೇಕು. ಆಗ ಮೈಸೂರಿನಿಂದ ಹುಬ್ಬಳ್ಳಿಗೆ ವಿಮಾನವಿತ್ತು. ಮಾವನವರಿಗೂ ನನಗೂ ಟಿಕೆಟ್ ಮಾಡಿಸಿದೆ.

"ನಾನೂರು ಕಿಲೋಮೀಟರ್‌ಗೂ ಮೇಲೆ ಮಾವ. ಆದ್ರೂ ಒಂದು ಗಂಟೆ ಚಿಲ್ಲರೆ ಅಷ್ಟೇ. ನನ್ನ ಪಕ್ಕದಲ್ಲಿ ಕೂತ್ಕೊಳ್ಳಿ, ಹೆದರ್ಕೋಬೇಡಿ" ಎಂದೆ. ನಾನೂ ವಿಮಾನ ಹತ್ತಿದವನಲ್ಲ ಎಂದು ಹೇಳಲಿಲ್ಲ.

"ಅಂಗಾರೆ ನಂಜನಗೂಡಿಂದ ನಿಮ್ಮೂರ್ಗೆ ಬಸ್ಸಲ್ ಬಂದಂಗೆ" ಎಂದರು ಮಾವ.

ಅದು ರೆಕ್ಕೆಗೆ ಫ್ಯಾನಿನಂಥದ್ದು ಕಟ್ಟಿದ ಸಣ್ಣ ವಿಮಾನ. ಮೋಡಕ್ಕೆ ಸಿಕ್ಕಿ ಕುಲುಕಾಡಿತು. ಒಮ್ಮೆ ದಬಕ್ಕನೆ ಕೆಳಗೆ ಕುಸಿಯಿತು. ನನಗೇನಾಯಿತೋ, "ಇಳಿಸಿ, ನನ್ನ ಇಳಿಸಿ" ಎಂದು ಅರಚಿಕೊಂಡೆ. ಬೆಲ್ಟು ಕಿತ್ತುಕೊಳ್ಳಲು ಹೋದೆ. ಸುತ್ತಲಿನವರೆಲ್ಲ ನನ್ನನ್ನೇ ನೋಡತೊಡಗಿದರು. ಮಾವ ಇಡೀ ಮೈ ನನ್ನ ಕಡೆ ತಿರುಗಿಸಿ ಎರಡೂ ಕೈ ಹಿಡಿದುಕೊಂಡರು. ಅಷ್ಟು ದಿನ ಬಹುವಚನವನ್ನೇ ಆಡಿದವರು, "ಉಸ್ರು ಬುಡು ಮಗ. ನಿಧಾನ್ಕೆ ಬುಡು. ನಾನಿವ್ನಿ" ಎಂದರು. ಅವರ ಎದೆಗೆ ಒರಗಿದವನು ಅಲ್ಲೇ ವಾಂತಿ ಮಾಡಿಕೊಂಡೆ. ಅವರ ಅಂಗಿ, ಪಂಚೆ, ಎಲ್ಲದರ ಮೇಲೆ. ಆಮೇಲೆ ಅತ್ತುಬಿಟ್ಟೆ. ಅವರು ಕೈ ಬಿಡಲಿಲ್ಲ.

ನೇರ ಆಸ್ಪತ್ರೆಗೆ ಹೋದೆವು. ಹೆಣ್ಣುಮಗು ಹುಟ್ಟಿತ್ತು, ಇಬ್ಬರೂ ಕ್ಷೇಮ. ಮಾವನ ಬಟ್ಟೆ ನೋಡಿ ಅತ್ತೆ ಗಾಬರಿಯಾದರು. ನಾನು ಬಾಯಿ ತೆರೆಯುವಷ್ಟರಲ್ಲಿ ಮಾವ, "ಒಟ್ಟೆ ತೊಳೆಸ್ತು ಕಣೆ. ಮ್ಯಾಕೋದ್ಮೇಲೆ ಎದ್ರುಕೊಂಡ್ಬುಟ್ಟೆ. ಅಳಿಯಂದ್ರು ಇದ್ದುದ್ಕೆ ಆಯ್ತು" ಎಂದರು.

"ಇಲ್ಲ ಅತ್ತೆ, ವಾಂತಿ ಮಾಡ್ಕೊಂಡಿದ್ದು ನಾನು" ಎಂದೆ. ಆದರೆ ನನ್ನ ಅಂಗಿಯಲ್ಲಿ ಒಂದೂ ಕಲೆಯಿರಲಿಲ್ಲ.

ಮಂಚದ ಮೇಲಿಂದ ಹೆಂಡತಿ ಕಣ್ಣು ತುಂಬಿಕೊಂಡು ನಕ್ಕಳು. "ಅಪ್ಪನ ಮರ್ಯಾದೆ ಉಳ್ಸೋಕೆ ನೋಡ್ತಿದ್ದೀರಾ?"

ಅಲ್ಲಿಂದ ಅದು ಮನೆಯ ತಮಾಷೆಯಾಯಿತು. "ಊರಿಗೆಲ್ಲ ನ್ಯಾಯ ಏಳೋರು ಇಮಾನ್ದಲ್ಲಿ ಕಕ್ಕೊಂಡ್ರಂತೆ" ಎಂದು ನಂಟರು ಚುಡಾಯಿಸಿದಾಗಲೆಲ್ಲ ನಾನು ನಿಜ ಹೇಳಿದೆ. ಹೇಳಿದಷ್ಟೂ ಒಳ್ಳೆಯ ಅಳಿಯ ಅನ್ನಿಸಿಕೊಂಡೆ. ಮೈಯೆಲ್ಲ ಹಿಡಿಯಷ್ಟಾಗುತ್ತಿತ್ತು. ಒಮ್ಮೆ ಇಬ್ಬರೇ ಇದ್ದಾಗ, "ಯಾಕೆ ಮಾವ ಹಂಗಂದ್ರಿ?" ಎಂದು ಕೇಳಿದೆ.

"ಅವತ್ತು ಮಗ್ಳು ನಿಮ್ಮುನ್ನ ನೋಡಿ ಧೈರ್ಯ ತಗೋಬೇಕಾಗಿತ್ತು. ನಂದೇನು, ವಯಸ್ಸಾದೋನು" ಎಂದು ಎದ್ದು ಹೋದರು.

ಹೋದ ವರ್ಷ ಮಾವ ತೀರಿಕೊಂಡರು. ತಿಥಿಯ ಊಟಕ್ಕೆ ಕೂತಾಗ ಯಾರೋ ಪ್ರೀತಿಯಿಂದಲೇ ಆ ಕಥೆ ತೆಗೆದರು. ನಾನು ಎಲೆಯ ಮುಂದೆ ಎದ್ದು ನಿಂತು, ಹೆದರಿದ್ದು ನಾನು, ಕಕ್ಕಿಕೊಂಡಿದ್ದು ನಾನು, ಅವರು ನನ್ನ ಕೈ ಹಿಡಿದು ಕೂತಿದ್ದರು ಎಂದು ಗಟ್ಟಿಯಾಗಿ ಹೇಳಿದೆ. ಪಕ್ಕದ ಎಲೆಯ ಹಿರಿಯರು ಕಣ್ಣೊರೆಸಿಕೊಂಡು, "ಇಂಥ ಅಳಿಯ ಸಿಕ್ಬೇಕಾದ್ರೆ ಪುಣ್ಯ ಮಾಡಿದ್ರು ಕಣ್ರೀ" ಎಂದರು.

ತಲೆ ತಗ್ಗಿಸಿ ಕೂತೆ. ಎಲೆಯ ಮೇಲಿನ ಅನ್ನ ಕಲಸುತ್ತಲೇ ಇದ್ದೆ.